ಬೆಕ್ಕಿಗೂ ಕಲಿಸಬಹುದು ಮನೆಯ ರೀತಿ ನೀತಿ!

ಹೊಸ ಸೋಫಾದ ತೋಳಿನ ಮೇಲೆ ಉಗುರಿನ ಗೀರು. ಒರೆಸಿಟ್ಟ ಅಡುಗೆ ಕಟ್ಟೆಯ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಗುರುತು. ಮಂಚದ ಕೆಳಗಿನಿಂದ ಬರುವ, ಎಷ್ಟು ಫಿನಾಯಿಲ್ ಹಾಕಿದರೂ ಹೋಗದ ಆ ಒಂದು ವಾಸನೆ. 'ನಾಯಿಗಾದ್ರೆ ಹೇಳಿದ್ದು ಅರ್ಥ ಆಗುತ್ತೆ, ಈ ಬೆಕ್ಕಿಗೆ ಯಾರು ಬುದ್ಧಿ ಹೇಳೋರು?' ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದೀರಾ?

ಆಗ ಮನೆಮಂದಿಯಿಂದ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. 'ಗೋಣಿಚೀಲಕ್ಕೆ ಹಾಕಿ ದೂರ ಬಿಟ್ಟು ಬಂದ್ಬಿಡಿ, ಪೀಡೆ ತೊಲಗುತ್ತೆ.' ಯಾರದೋ ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ಹೋಗಿ ಕೆರೆ ಏರಿಯ ಮೇಲೋ, ಹೆದ್ದಾರಿಯ ಪಕ್ಕವೋ, ಮಾರ್ಕೆಟ್ಟಿನ ಹಿಂದೆಯೋ ಬಾಯಿ ಬಿಚ್ಚಿ ಬಂದರೆ ಮುಗಿಯಿತು. ಆದರೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ತಿಂದು ಬೆಳೆದ ಬೆಕ್ಕಿಗೆ ಆ ಜಾಗದಲ್ಲಿ ನಾಯಿಯಿಂದ, ಲಾರಿಯಿಂದ ತಪ್ಪಿಸಿಕೊಳ್ಳುವ ವಿದ್ಯೆ ಎಲ್ಲಿಂದ ಬರಬೇಕು? ಬಹಳಷ್ಟು ಬೆಕ್ಕುಗಳು ಹೆಚ್ಚು ದಿನ ಬದುಕುವುದಿಲ್ಲ. ಅಂದಹಾಗೆ, ಸಾಕಿದ ಪ್ರಾಣಿಯನ್ನು ಹಸಿವಿಗೆ, ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಇದು ಅನೇಕರಿಗೆ ಗೊತ್ತೇ ಇಲ್ಲ.

ಹಾಗೆ ಬಿಟ್ಟು ಬರುವ ಪ್ರಮೇಯವೇ ಬಾರದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಬೆಕ್ಕಿಗೆ ಕಲಿಸಲು ಬರುವುದಿಲ್ಲ ಅನ್ನುವುದು ಬರೀ ಮಾತು.

ಕೋಲಾರದ ಕಡೆ ಬೆಕ್ಕು ಯಾವತ್ತೂ ಶೋಕಿಯ ಪ್ರಾಣಿಯಾಗಿರಲಿಲ್ಲ ನೋಡಿ. ರಾಗಿ ತುಂಬಿದ ವಾಡೆ, ಕಣಜ ಇದ್ದ ಮನೆಗೆ ಬೆಕ್ಕು ಬೇಕೇ ಬೇಕಿತ್ತು. ರೇಷ್ಮೆ ಹುಳು ಸಾಕುವ ಮನೆಯಲ್ಲಂತೂ ಇಲಿ ನುಗ್ಗಿದರೆ ಹುಳುವೂ ಇಲ್ಲ, ಗೂಡೂ ಇಲ್ಲ. ಜಪಾನಿನ ರೇಷ್ಮೆ ಸೀಮೆಗಳಲ್ಲಿ ಇಲಿ ಹೆದರಲಿ ಎಂದು ಬೆಕ್ಕಿನ ಚಿತ್ರ ಬರೆಸಿ ಗೋಡೆಗೆ ಅಂಟಿಸುತ್ತಿದ್ದರಂತೆ! ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕಿಗೆ ಪೂಜೆಯೇ ನಡೆಯುತ್ತದೆ. ಈಗ ಕಣಜ ಹೋಗಿ ಅಕ್ಕಿ ಡಬ್ಬ ಬಂತು, ಹೆಂಚಿನ ಮನೆ ಹೋಗಿ ಆರ್‌ಸಿಸಿ ಮನೆ ಬಂತು, ಹಿತ್ತಲು ಹೋಗಿ ಸಂಪು ಬಂತು. ಬೆಕ್ಕು ಮಾತ್ರ ಉಳಿದುಕೊಂಡಿದೆ. ಇಲಿ ಹಿಡಿಯುವ ಕೆಲಸ ಕಳೆದುಕೊಂಡು, ಮಕ್ಕಳ ಹಠಕ್ಕೆ ಮನೆಯೊಳಗೆ ಬಂದಿದೆ. ಮಣ್ಣಿರುವ ಹಿತ್ತಲಿನಲ್ಲಿ ತಾನೇ ಗುಂಡಿ ತೋಡಿ ಮುಚ್ಚುತ್ತಿದ್ದ ಪ್ರಾಣಿಗೆ ಟೈಲ್ಸ್ ಹಾಕಿದ ಮನೆಯಲ್ಲಿ ಎಲ್ಲಿಗೆ ಹೋಗಬೇಕೆಂದು ನಾವು ಹೇಳಿಕೊಡದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು?

ತೆನಾಲಿ ರಾಮನ ಬೆಕ್ಕು

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಮಾತಾಡುವ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ತೆನಾಲಿ ರಾಮನ ಬೆಕ್ಕಿನ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಇಲಿ ಕಾಟಕ್ಕೆಂದು ರಾಯರು ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟರು. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಬಟ್ಟಲಿನ ಹತ್ತಿರ ಸುಳಿಯಲಿಲ್ಲ. ಹಾಲೆಲ್ಲ ರಾಮಕೃಷ್ಣನ ಪಾಲಾಯಿತು.

ನಗುವ ಕಥೆಯೇ. ಆದರೆ ಬೆಕ್ಕಿನ ಸ್ವಭಾವ ಪೂರ್ತಿ ಅದರಲ್ಲಿದೆ. ಬೆಕ್ಕು ಒಂದೇ ಸಲಕ್ಕೆ ಕಲಿಯುತ್ತದೆ, ಕಲಿತದ್ದನ್ನು ಮರೆಯುವುದಿಲ್ಲ. ನೀವು ಪೊರಕೆ ತೆಗೆದುಕೊಂಡು ಹೊಡೆದಿರಿ ಎನ್ನಿ. 'ಮಂಚದ ಕೆಳಗೆ ಗಲೀಜು ಮಾಡಬಾರದು' ಎಂದು ಅದು ಕಲಿಯುವುದಿಲ್ಲ. 'ಈ ಹೆಂಗಸನ್ನು ಕಂಡರೆ ಓಡಬೇಕು' ಎಂದು ಕಲಿಯುತ್ತದೆ. ಮುಂದೆ ನೀವಿಲ್ಲದ ಹೊತ್ತು ನೋಡಿ, ಇನ್ನೂ ಕತ್ತಲೆಯ ಮೂಲೆ ಹುಡುಕಿ ಅಲ್ಲಿ ಮಾಡುತ್ತದೆ. ಮರಿಯ ಮೂತಿಯನ್ನು ಹಿಡಿದು ಗಲೀಜಿಗೆ ಉಜ್ಜುವ ಪದ್ಧತಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ಅದರಿಂದ ಆಗುವ ಲಾಭ ಸೊನ್ನೆ.

ಕಲಿಸುವ ದಾರಿ ಇನ್ನೊಂದಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದ. ಪೆಟ್ಟಿಗೆಯ ಹೊರಗೆ ತಿಂಡಿ, ಒಳಗೆ ಹಸಿದ ಬೆಕ್ಕು. ದಾರವನ್ನೋ ಹಿಡಿಯನ್ನೋ ಎಳೆದರೆ ಬಾಗಿಲು ತೆಗೆಯುತ್ತದೆ. ಮೊದಲು ಬೆಕ್ಕು ಪರಚಿ, ಕೂಗಿ, ಒದ್ದಾಡಿ ಆಕಸ್ಮಿಕವಾಗಿ ಹೊರಬಂತು. ಮತ್ತೆ ಮತ್ತೆ ಹಾಕಿದಂತೆ ಬೇಡದ್ದನ್ನೆಲ್ಲ ಬಿಡುತ್ತಾ ಬಂದು ಕೊನೆಗೆ ನೇರ ಹೋಗಿ ದಾರ ಎಳೆಯತೊಡಗಿತು. ಏನು ಮಾಡಿದರೆ ತಿಂಡಿ ಸಿಗುತ್ತದೋ ಅದು ಉಳಿಯುತ್ತದೆ, ಯಾವುದರಿಂದ ಏನೂ ಸಿಗುವುದಿಲ್ಲವೋ ಅದು ತಾನಾಗಿ ಬಿಟ್ಟುಹೋಗುತ್ತದೆ. ಬೆಕ್ಕಿನ ಶಾಲೆಯ ಪಠ್ಯ ಇಷ್ಟೇ.

ಮೊದಲ ಪಾಠ: ಹೆಸರು ಮತ್ತು ತಟ್ಟೆ

ಮರಿ ತರುವಾಗ ಎಂಟು ವಾರ ತುಂಬಿದ್ದನ್ನೇ ತನ್ನಿ. ಕಣ್ಣು ಬಿಟ್ಟಿದೆ, ಮುದ್ದಾಗಿದೆ ಎಂದು ಮೂರ್ನಾಲ್ಕು ವಾರಕ್ಕೇ ತಾಯಿಯಿಂದ ಕಿತ್ತು ತಂದರೆ ಮುಂದೆ ಕಚ್ಚುವ, ಹೆದರುವ ಬೆಕ್ಕಾಗುವ ಸಂಭವ ಹೆಚ್ಚು. ಎಷ್ಟು ಜೋರಾಗಿ ಕಚ್ಚಬಹುದು ಎನ್ನುವುದನ್ನು ಮರಿಗೆ ಕಲಿಸುವುದು ಅದರ ತಾಯಿ ಮತ್ತು ಒಡಹುಟ್ಟಿದವು. ಮರಿಗೆ ಎರಡರಿಂದ ಏಳು ವಾರ ಆಗುವ ಅವಧಿಯಲ್ಲಿ ಮನುಷ್ಯರ ಕೈ ಸೋಕಿ ಅಭ್ಯಾಸವಾಗಿದ್ದರೆ ಒಳ್ಳೆಯದು. ಹಾಗಾಗಿ ಯಾರ ಮನೆಯಲ್ಲಿ ಮರಿ ಹಾಕಿದೆಯೋ ಅಲ್ಲಿಗೆ ನಡುನಡುವೆ ಹೋಗಿ ಎತ್ತಾಡಿಸಿ ಬನ್ನಿ, ಆಮೇಲೆ ತನ್ನಿ.

ಚಿಕ್ಕ ಹೆಸರಿಡಿ. ಮಿನ್ನಿ, ಚಿಂಟು, ಪುಟ್ಟಿ, ಯಾವುದಾದರೂ ಸರಿ. ಆದರೆ ಅಜ್ಜಿ 'ಪಿಲ್ಲಿ' ಅಂತ, ಮಗಳು 'ಪುಸ್ಸಿ' ಅಂತ, ಯಜಮಾನರು 'ಏಯ್' ಅಂತ ಕರೆದರೆ ಪಾಪ ಅದಕ್ಕೆ ತಿಳಿಯುವುದು ಹೇಗೆ? ಮನೆಮಂದಿಯೆಲ್ಲ ಒಂದೇ ಹೆಸರು ಹಿಡಿಯಿರಿ. ಬೆಕ್ಕಿಗೆ ತನ್ನ ಹೆಸರು ಬೇರೆ ಪದಗಳಿಂದ ಬೇರೆಯಾಗಿ ಕೇಳಿಸುತ್ತದೆ ಎಂದು ಜಪಾನಿನ ಸಂಶೋಧಕಿ ಅತ್ಸುಕೊ ಸೈಟೊ ಮತ್ತು ಅವರ ಸಂಗಡಿಗರು 2019ರಲ್ಲಿ ತೋರಿಸಿಕೊಟ್ಟಿದ್ದಾರೆ. ಕೇಳಿಸಿದರೂ ಬರುವುದು ಬಿಡುವುದು ಅದರ ಮರ್ಜಿ, ಆ ಮಾತು ಬೇರೆ!

ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ತಟ್ಟೆಯಲ್ಲಿ ಊಟ ಇಡಿ. ಇಡುವ ಮೊದಲು ಹೆಸರು ಹಿಡಿದು ಕರೆದು ತಟ್ಟೆಗೆ ಚಮಚದಿಂದ ಎರಡು ಸಲ ಟಣ್ ಟಣ್ ಎನಿಸಿ. ಒಂದು ವಾರದಲ್ಲಿ ಆ ಸದ್ದಿಗೆ ಎಲ್ಲಿದ್ದರೂ ಓಡಿ ಬರುತ್ತದೆ. ರಾತ್ರಿ ಮನೆಗೆ ಬಾರದ ಬೆಕ್ಕನ್ನು ಹುಡುಕಿಕೊಂಡು ಬೀದಿ ಸುತ್ತುವ ಕೆಲಸ ಇದರಿಂದ ತಪ್ಪುತ್ತದೆ. ಒಂದು ಎಚ್ಚರಿಕೆ: ಹಾಗೆ ಕರೆದು ಬಂದಾಗ ಹಿಡಿದು ಸ್ನಾನ ಮಾಡಿಸುವುದು, ಔಷಧ ಕುಡಿಸುವುದು ಮಾಡಬೇಡಿ. ತೆನಾಲಿ ರಾಮನ ಬೆಕ್ಕನ್ನು ನೆನಪಿಸಿಕೊಳ್ಳಿ.

ಮರಳಿನ ಟ್ರೇ

ಗೃಹಿಣಿಯರಿಗೆ ಬೆಕ್ಕಿನಿಂದ ಅತಿ ಹೆಚ್ಚು ತಲೆನೋವು ಇದೇ. ನಿಜ ಹೇಳಬೇಕೆಂದರೆ ಕಲಿಸುವುದು ಅತಿ ಸುಲಭವೂ ಇದೇ. ಯಾಕೆಂದರೆ ಕೆರೆದು ಮುಚ್ಚುವುದು ಬೆಕ್ಕಿಗೆ ಹುಟ್ಟುಗುಣ. ನಾವು ಕೆರೆಯಲು ಸರಿಯಾದ ಜಾಗ ಕೊಟ್ಟರೆ ಸಾಕು.

ಅಂಗಡಿಯಲ್ಲಿ ಸಿಗುವ ದುಬಾರಿ ಸಾಮಾನೇ ಆಗಬೇಕಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬು, ನಾಲ್ಕು ಬೆರಳು ಎತ್ತರದ ಅಂಚು, ಒಳಗೆ ಎರಡು ಇಂಚು ಜರಡಿ ಹಿಡಿದ ಒಣ ಮರಳು. ಮರಳು ಸಿಗದಿದ್ದರೆ ದಪ್ಪನೆಯ ಮರದ ಹೊಟ್ಟು ಆದೀತು. ಮಾಲೂರಿನ ಕಡೆಯವರು ಗೂಡಿನ ಇಟ್ಟಿಗೆ ಪುಡಿ ಹಾಕಿದರಾಗದೇ ಎಂದು ಕೇಳಬಹುದು. ಬೇಡ. ದೂಳು ಏಳುತ್ತದೆ, ಬೆಕ್ಕಿನ ಮೂಗಿಗೂ ಕೆಡುಕು, ನಿಮ್ಮ ನೆಲಕ್ಕೂ ಕೆಂಪು.

ಟ್ರೇ ಇಡುವ ಜಾಗ ಗಲಾಟೆಯಿಲ್ಲದ್ದಾಗಿರಲಿ. ವಾಷಿಂಗ್ ಮಷಿನ್ ಪಕ್ಕ, ಎಲ್ಲರೂ ಓಡಾಡುವ ಹಾಲಿನ ಬಾಗಿಲು ಸರಿಯಲ್ಲ. ಊಟದ ತಟ್ಟೆಯ ಹತ್ತಿರವಂತೂ ಬೇಡವೇ ಬೇಡ. ಉಣ್ಣುವ ಕಡೆ ಬಹಿರ್ದೆಸೆಗೆ ಹೋಗಲು ಅದಕ್ಕೂ ಮನಸ್ಸು ಬರುವುದಿಲ್ಲ. ಹೊಸ ಮರಿಯನ್ನು ಮೊದಲ ಮೂರ್ನಾಲ್ಕು ದಿನ ಒಂದೇ ಕೋಣೆಯಲ್ಲಿ ಟ್ರೇ ಜೊತೆ ಇಡಿ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ ಎತ್ತಿ ಟ್ರೇಯಲ್ಲಿ ಬಿಡಿ. ಬೆರಳಿನಿಂದ ಮರಳನ್ನು ಸ್ವಲ್ಪ ಕೆರೆದು ತೋರಿಸಿ. ಅಲ್ಲೇ ಮಾಡಿದರೆ ಕೂಡಲೇ ಒಂದು ಚೂರು ತಿಂಡಿ, ತಲೆ ಮೇಲೆ ಒಂದು ಸವರು. ಕೂಡಲೇ ಅಂದರೆ ಕೂಡಲೇ. ನೀವು ಸೀರಿಯಲ್ ಮುಗಿಸಿಕೊಂಡು ಬಂದು ಕೊಟ್ಟರೆ ಯಾತಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯದು.

ದಿನಕ್ಕೆರಡು ಬಾರಿ ಗಟ್ಟಿಯನ್ನು ತೆಗೆಯಿರಿ, ವಾರಕ್ಕೊಮ್ಮೆ ಮರಳು ಪೂರ್ತಿ ಬದಲಿಸಿ. ಟ್ರೇ ಗಲೀಜಾಗಿದ್ದರೆ ಬೆಕ್ಕು ಬೇರೆ ಜಾಗ ಹುಡುಕುತ್ತದೆ. ಒಂದು ಬೆಕ್ಕಿಗೆ ಎರಡು ಟ್ರೇ, ಎರಡು ಬೆಕ್ಕಿಗೆ ಮೂರು ಎನ್ನುವುದು ಪಶುವೈದ್ಯರು ಹೇಳುವ ಲೆಕ್ಕ. ನಮ್ಮ ಮನೆಗಳಲ್ಲಿ ಅಷ್ಟು ಜಾಗ ಎಲ್ಲಿದೆ ಅನ್ನುತ್ತೀರಿ. ಒಂದೇ ಇಟ್ಟರೂ ಶುಚಿಯಾಗಿಡಿ.

ಇನ್ನು ಫಿನಾಯಿಲ್ ವಿಷಯ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್, ಡೆಟಾಲ್ ಇವೆಲ್ಲ ಬೆಕ್ಕಿಗೆ ವಿಷ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಯಿತು. ಟ್ರೇ ತೊಳೆಯಲು ಸೋಪಿನ ಪುಡಿ, ಬಿಸಿನೀರು ಸಾಕು. ಎಲ್ಲೆಂದರಲ್ಲಿ ಮಾಡಿದ ಜಾಗವನ್ನೂ ಸೋಪಿನ ನೀರಿನಿಂದ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಒಣಗಿಸಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ.

ಚೆನ್ನಾಗಿ ಕಲಿತಿದ್ದ ಬೆಕ್ಕು ಒಮ್ಮೆಲೇ ಟ್ರೇ ಬಿಟ್ಟು ಬೇರೆ ಕಡೆ ಹೋಗತೊಡಗಿದರೆ ಹಠ ಎಂದುಕೊಳ್ಳಬೇಡಿ, ಕಾಯಿಲೆ ಇರಬಹುದು. ಅದರಲ್ಲೂ ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಮುಕ್ಕುತ್ತಾ ಕೂಗುತ್ತಿದ್ದು, ಮೂತ್ರ ಬಾರದಿದ್ದರೆ ಅದು ಮಲಬದ್ಧತೆಯಲ್ಲ, ಮೂತ್ರನಾಳ ಕಟ್ಟಿಕೊಂಡಿರಬಹುದು. ಹರಳೆಣ್ಣೆ ಕುಡಿಸಿ ನೋಡೋಣ ಎಂದು ಕಾಯಬೇಡಿ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗುತ್ತದೆ. ಆ ದಿನವೇ ಪಶುವೈದ್ಯರ ಹತ್ತಿರ ಓಡಿ.

ಸೋಫಾ ಉಳಿಸಿಕೊಳ್ಳುವುದು ಹೇಗೆ?

ಬೆಕ್ಕು ಪರಚುವುದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಉಗುರಿನ ಹಳೆಯ ಪದರ ಕಳಚಲು, ಮೈ ಸೆಟೆಯಲು, ಇದು ನನ್ನ ಜಾಗ ಎಂದು ವಾಸನೆ ಬಿಡಲು ಅದು ಪರಚಲೇಬೇಕು. ನಿಲ್ಲಿಸಲಾಗದು, ಜಾಗ ಬದಲಿಸಬಹುದು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮನೆಗಳಲ್ಲಿ ಹಣ್ಣು ತುಂಬಿ ಬಂದ ಮರದ ಪೆಟ್ಟಿಗೆಗಳು ಮೂಲೆಗೆ ಬಿದ್ದಿರುತ್ತವಲ್ಲ, ಅದರಲ್ಲೊಂದನ್ನು ನೆಟ್ಟಗೆ ನಿಲ್ಲಿಸಿ, ಎದ್ದಿರುವ ಮೊಳೆ ಬಡಿದು, ಸುತ್ತ ಗೋಣಿತಾಟು ಬಿಗಿಯಾಗಿ ಸುತ್ತಿ. ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿದ ಮರದ ತುಂಡು ಇನ್ನೂ ಒಳ್ಳೆಯದು. ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚುವಷ್ಟು ಎತ್ತರ ಇರಬೇಕು, ತಳ ಅಲ್ಲಾಡಬಾರದು. ಅಲ್ಲಾಡಿದರೆ ಮತ್ತೆ ಸೋಫಾಕ್ಕೇ ಹೋಗುತ್ತದೆ.

ಇದನ್ನು ಸೋಫಾದ ಪಕ್ಕದಲ್ಲೇ ಇಡಿ, ಹಿತ್ತಲಲ್ಲಲ್ಲ. ಸೋಫಾದ ತೋಳಿಗೆ ಕೆಲವು ದಿನ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ. ಗೋಣಿಗೆ ಉಗುರು ಹಾಕಿದಾಗಲೆಲ್ಲ ತಿಂಡಿ ಕೊಡಿ. ಎರಡು ಮೂರು ವಾರದಲ್ಲಿ ರೂಢಿಯಾಗುತ್ತದೆ. ಉಗುರಿನ ತುದಿಯ ಬಿಳಿ ಭಾಗವನ್ನಷ್ಟೇ ತಿಂಗಳಿಗೊಮ್ಮೆ ಕತ್ತರಿಸಬಹುದು. ಒಳಗೆ ಗುಲಾಬಿ ಬಣ್ಣ ಕಾಣುವ ಕಡೆ ರಕ್ತನಾಳ ಇರುತ್ತದೆ, ಅಲ್ಲಿಗೆ ತಾಗಿಸಬೇಡಿ. ಉಗುರುಗಳನ್ನು ಬುಡಸಮೇತ ತೆಗೆಸುವ ಆಪರೇಷನ್ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಲೇಬೇಡಿ. ಅದು ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುವ ಕೆಲಸ.

ಮಕ್ಕಳು ಮರಿಯೊಂದಿಗೆ ಬೆರಳು ಆಡಿಸಿ ಆಟವಾಡುತ್ತಾರೆ, ಅದು ಕಚ್ಚಿದರೆ ನಗುತ್ತಾರೆ. ಆರು ತಿಂಗಳ ನಂತರ ಅದೇ ಬೆಕ್ಕು ಕಚ್ಚಿದರೆ ಅಳುತ್ತಾರೆ! ಕೈ ಆಟದ ಸಾಮಾನಲ್ಲ. ಕಾಗದದ ಉಂಡೆ, ಕೋಲಿನ ತುದಿಗೆ ಕಟ್ಟಿದ ಬಟ್ಟೆ ಚೂರು ಕೊಡಿ. ಕಚ್ಚಿದ ಕ್ಷಣವೇ ಆಟ ನಿಲ್ಲಿಸಿ ಎದ್ದು ಹೋಗಲು ಹೇಳಿ. ರಾತ್ರಿ ಮಲಗುವ ಮುನ್ನ ಹೀಗೆ ಕಾಲು ಗಂಟೆ ಓಡಿಸಿ ಆಡಿಸಿ, ಆಮೇಲೆ ಊಟ ಹಾಕಿದರೆ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ಕಾಟವೂ ಕಡಿಮೆ. ಎಬ್ಬಿಸಿದರೂ ಎದ್ದು ಹಾಲು ಹಾಕಬೇಡಿ. ಒಂದು ದಿನ ಹಾಕಿದರೆ ದಿನಾ ನಾಲ್ಕಕ್ಕೆ ನಿಮಗೇ ಅಲಾರಂ.

ಕೂತು ಬಟ್ಟೆ ಹೊಲಿಯುವವರು, ಹೂ ಕಟ್ಟುವವರು ದಾರವನ್ನು ಡಬ್ಬದಲ್ಲಿ ಮುಚ್ಚಿಡಿ. ಬೆಕ್ಕು ದಾರ ನುಂಗಿದರೆ ಕರುಳು ಮುದುಡಿ ಹರಿಯುತ್ತದೆ. ಬಾಯಿಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೆಯೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಸಂಪಿನ ಮುಚ್ಚಳದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟ್ಯಾಂಕರ್ ನೀರು ಹಾಕಿಸುವ ಗಡಿಬಿಡಿಯಲ್ಲಿ ತೆರೆದಿಟ್ಟ ಸಂಪು ಮರಿಗೂ ಅಪಾಯ, ಮಕ್ಕಳಿಗೂ ಅಪಾಯ.

ಸಸ್ಯಾಹಾರಿ ಮನೆಯ ಬೆಕ್ಕು

ಇದು ಸ್ವಲ್ಪ ಸೂಕ್ಷ್ಮ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಬೆಕ್ಕಿಗೂ ಹಾಲನ್ನ, ಮೊಸರನ್ನ, ಮಿಕ್ಕರೆ ಚಪಾತಿ. 'ನಮ್ಮ ಬೆಕ್ಕು ಶುದ್ಧ ಸಸ್ಯಾಹಾರಿ ಕಣ್ರೀ' ಎಂದು ಹೆಮ್ಮೆಯಿಂದ ಹೇಳುವವರೂ ಇದ್ದಾರೆ.

ಹೊರಗೆ ಅಡ್ಡಾಡುವ ಬೆಕ್ಕಾದರೆ ಕದ್ದುಮುಚ್ಚಿ ಇಲಿ, ಓತಿಕ್ಯಾತ, ಹಲ್ಲಿ ಹಿಡಿದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಮನೆಯೊಳಗೇ ಇರುವ ಬೆಕ್ಕಿನ ಗತಿ? ಟಾರಿನ್ ಎಂಬ ಒಂದು ಪೋಷಕಾಂಶ ಮಾಂಸ, ಮೀನಿನಲ್ಲಿದೆ, ಕಾಳು ತರಕಾರಿಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ನಾಯಿಯ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಕಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ ಎಂದು 1975ರಲ್ಲಿ, ಹೃದಯ ಸೋಲುತ್ತದೆ ಎಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ಮೊಸರನ್ನ ತಿಂದು ದುಂಡಗಿದ್ದ ಬೆಕ್ಕು ಒಂದು ದಿನ ಗೋಡೆಗೆ ಡಿಕ್ಕಿ ಹೊಡೆಯತೊಡಗಿದರೆ 'ಯಾರ ದೃಷ್ಟಿ ಬಿತ್ತೋ' ಎನ್ನುವ ಮೊದಲು ತಟ್ಟೆಯಲ್ಲಿ ಏನಿತ್ತು ನೋಡಿ.

ಹಾಗಂತ ಮನೆಯ ಮಡಿ ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ. ಹೊರಗಿನ ಜಗುಲಿಯಲ್ಲೋ ಬಾಲ್ಕನಿಯಲ್ಲೋ ಅದಕ್ಕೇ ಬೇರೆ ತಟ್ಟೆ, ಬೇರೆ ಡಬ್ಬ ಇಟ್ಟರೆ ಅತ್ತೆಯವರೂ ಒಪ್ಪಿಯಾರು. ಒಂದು ಮಾತು, ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬೇಡಿ, ಲೆಕ್ಕ ಬೇರೆ. ಅದಕ್ಕೂ ಒಪ್ಪಿಗೆ ಇಲ್ಲದ ಮನೆಯಾದರೆ ಬೆಕ್ಕನ್ನು ತರದಿರುವುದೇ ಒಳ್ಳೆಯದು. ಮೊಲವೋ ಗಿಣಿಯೋ ಎಂದೀರಿ. ಮೊಲ ಆದೀತು. ನಮ್ಮ ದೇಶದ ಗಿಣಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ.

ಮಾಂಸಾಹಾರಿ ಮನೆಯವರು ಸಾರಿನ ತುಂಡನ್ನು ಹಾಗೆಯೇ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮುಳಬಾಗಿಲು ದೋಸೆಯ ಕೆಂಪು ಚಟ್ನಿ ನಮಗೆಷ್ಟು ರುಚಿಯೋ ಅದಕ್ಕೆ ಅಷ್ಟೇ ಕೆಡುಕು. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಕೊಡಿ. ಬೆಂದ ಕೋಳಿ ಮೂಳೆ ಸೀಳಿ ಚುಚ್ಚುತ್ತದೆ, ಅದೂ ಬೇಡ. ಹಾಲು? ಡೇರಿ ಹಾಲಿನ ಜಿಲ್ಲೆಯಲ್ಲಿ ಕೂತು ಬೆಕ್ಕಿಗೆ ಹಾಲು ಬೇಡ ಎಂದರೆ ನಗುತ್ತೀರಿ. ಆದರೆ ತಾಯಿ ಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಕುಡಿಯಲು ನೀರೇ ಸಾಕು. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ ಇಟ್ಟರೆ ಹೆಚ್ಚು ಕುಡಿಯುತ್ತದೆ.

ಜ್ವರ ಎಂದು ನಮ್ಮ ಮನೆಯ ಪ್ಯಾರಾಸಿಟಮಾಲ್ ಮಾತ್ರೆ ಅರ್ಧ ಮುರಿದು ಕೊಟ್ಟರೆ ಬೆಕ್ಕು ಸಾಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧ, ಬೀರುವಿನ ನುಸಿಗುಳಿಗೆ, ಹೂದಾನಿಯ ಲಿಲ್ಲಿ ಹೂ ಇವೂ ಅಷ್ಟೇ. ಬೆಕ್ಕಿರುವ ಮನೆಯಲ್ಲಿ ಇಲಿ ಪಾಷಾಣ ಬೇಡ. ಪಾಷಾಣ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಮೊದಲು ಸಿಗುವುದು.

ಮೂರು ತಿಂಗಳಿಗೊಮ್ಮೆ ಮರಿ

ಹೆಣ್ಣು ಬೆಕ್ಕು ಐದು ತಿಂಗಳಿಗೇ ಗರ್ಭ ಧರಿಸಬಹುದು. ಒಂಬತ್ತು ವಾರಕ್ಕೆ ಮರಿ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸಿರು. ಗೋಣಿಚೀಲದ ಮಾತು ಹುಟ್ಟುವುದೇ ಇಲ್ಲಿ. ಗಂಡಾದರೆ ಗೋಡೆ ಗೋಡೆಗೆ ಮೂತ್ರ ಚಿಮ್ಮಿಸುತ್ತದೆ, ರಾತ್ರಿಯೆಲ್ಲ ಜಗಳ. ಇದಕ್ಕೆ ಯಾವ ಟ್ರೇನಿಂಗೂ ನಾಟುವುದಿಲ್ಲ, ಶಸ್ತ್ರಚಿಕಿತ್ಸೆಯೇ ಮದ್ದು. ಐದಾರು ತಿಂಗಳಲ್ಲಿ ಸಂತಾನಹರಣ ಮಾಡಿಸಿದರೆ ಹೆಚ್ಚಿನ ಗಂಡು ಬೆಕ್ಕುಗಳ ಚಿಮ್ಮಿಸುವ ಚಾಳಿ ನಿಲ್ಲುತ್ತದೆ. ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ಪಾಪ ಎನ್ನುವುದು ನಮ್ಮ ಭಾವನೆ, ಬೆಕ್ಕಿನದಲ್ಲ. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಹಸು ಎಮ್ಮೆಗಳ ಭರಾಟೆಯಲ್ಲಿ ಅಲ್ಲಿ ಬೆಕ್ಕಿನ ಆಪರೇಷನ್ ಆಗದು ಎಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಾಲೂರಿನವರಿಗಂತೂ ಬೆಂಗಳೂರು ದೂರವೇನಲ್ಲ.

ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ರೇಬಿಸ್ ನಾಯಿಯಿಂದ ಮಾತ್ರ ಎಂದು ತಿಳಿಯಬೇಡಿ, ಬೆಕ್ಕಿನಿಂದಲೂ ಬರುತ್ತದೆ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ. ಮಗುವಿಗೆ ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಬೇಡ. ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ ಇದೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂದು ಹಿರಿಯರು ಹೆದರಿಸುತ್ತಾರೆ. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೇ.

ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ

'ಬೆಕ್ಕಿದ್ದರೆ ಗರ್ಭಿಣಿಗೆ ಆಗದಂತೆ, ಎಲ್ಲಾದರೂ ಬಿಟ್ಟುಬಿಡಿ' ಎಂದು ಬೀಗರ ಕಡೆಯಿಂದ ಮಾತು ಬರುತ್ತದೆ. ಮಾತಿನಲ್ಲಿ ಸ್ವಲ್ಪ ನಿಜವಿದೆ, ಪರಿಹಾರದಲ್ಲಿಲ್ಲ. ಟಾಕ್ಸೊಪ್ಲಾಸ್ಮೊಸಿಸ್ ಎಂಬ ಸೋಂಕು ಬೆಕ್ಕಿನ ಮಲದಿಂದ ಬರಬಹುದು, ಗರ್ಭದ ಶಿಶುವಿಗೆ ಅದರಿಂದ ತೊಂದರೆಯಿದೆ. ಆದರೆ ಮಲ ಹೊರಬಿದ್ದ ಕೂಡಲೇ ಅದು ಅಂಟುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನಾ ಟ್ರೇ ಶುಚಿ ಮಾಡಿದರೆ ಅಪಾಯದ ಬಹುಪಾಲು ಅಲ್ಲಿಗೇ ಮುಗಿಯಿತು. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಅಷ್ಟೇ. ನೀವು ಮಾಡಿ, ಇಲ್ಲವೇ ಯಜಮಾನರಿಗೆ ಹೇಳಿ. ಅವರೂ ಏನಾದರೂ ಕಲಿಯಲಿ! ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಹೊರಗೆ ಬಿಡಬೇಡಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿಗಳಿಂದಲೂ ಇದೇ ಸೋಂಕು ಬರುತ್ತದೆಂಬುದನ್ನು ಬೀಗಿತ್ತಿಗೂ ಹೇಳಿ. ಅನುಮಾನ ಇದ್ದರೆ ಹೆರಿಗೆ ಡಾಕ್ಟರನ್ನು ಕೇಳಿದರೆ ರಕ್ತಪರೀಕ್ಷೆ ಬರೆದುಕೊಡುತ್ತಾರೆ.

ಮಗು ಬರುವ ಮೊದಲೇ ತೊಟ್ಟಿಲ ಕೋಣೆಗೆ ಬೆಕ್ಕು ಹೋಗದಂತೆ ರೂಢಿ ಮಾಡಿ. ಎರಡು ತಿಂಗಳು ಮುಂಚಿತವಾಗಿ ಆ ಬಾಗಿಲು ಮುಚ್ಚಿಡಿ. ಮಗು ಬಂದ ದಿನ ಒಮ್ಮೆಲೇ ಮುಚ್ಚಿದರೆ ಬಾಗಿಲ ಮುಂದೆ ಕೂತು ಕೂಗುತ್ತದೆ.

ಕೊನೆಗೊಂದು ಪಾಠ ಉಳಿಯಿತು, ಆಸ್ಪತ್ರೆಗೆ ಒಯ್ಯುವುದು. ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೋ ಹತ್ತುವವರಿದ್ದಾರೆ. ಹಾರ್ನ್ ಕೇಳಿದರೆ ಪರಚಿ ಹಾರಿಬಿಡುತ್ತದೆ. ಟೊಮೆಟೊ ತುಂಬುವ 15 ಕೆ.ಜಿ.ಯ ಪ್ಲಾಸ್ಟಿಕ್ ಕ್ರೇಟುಗಳು ಕೋಲಾರದಲ್ಲಿ ಯಾರ ಮನೆಯಲ್ಲಿಲ್ಲ? ಎರಡನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗದಿಂದ ನಾಲ್ಕು ಕಡೆ ಬಿಗಿದರೆ ಗಾಳಿಯಾಡುವ ಪೆಟ್ಟಿಗೆ ಸಿದ್ಧ. ಒಂದು ತಿಂಗಳು ಮೊದಲೇ ಒಂದು ಕ್ರೇಟನ್ನು ಅಡ್ಡ ಮಲಗಿಸಿ ನಿಮ್ಮ ಹಳೆಯ ಕಾಟನ್ ಸೀರೆ ಹಾಸಿ ಮೂಲೆಯಲ್ಲಿಡಿ. ಒಳಗೇ ಊಟದ ತಟ್ಟೆ ಇಡಿ. ಅಲ್ಲೇ ಮಲಗತೊಡಗಿದ ಮೇಲೆ ಎರಡನೆಯ ಕ್ರೇಟು ಮುಚ್ಚಿ ಎರಡು ನಿಮಿಷ, ಆಮೇಲೆ ಐದು ನಿಮಿಷ, ಆಮೇಲೆ ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು. ಹೊರಡುವ ದಿನ ಮೇಲೆ ಒಂದು ತೆಳು ಬಟ್ಟೆ ಹೊದಿಸಿ, ಹೊರಡುವ ಮೂರು ಗಂಟೆ ಮುಂಚೆ ಊಟ ಹಾಕಬೇಡಿ, ದಾರಿಯಲ್ಲಿ ವಾಂತಿ ಮಾಡಿಕೊಳ್ಳುವುದು ತಪ್ಪುತ್ತದೆ.